ಕರುವಿನ ಹಲ್ಲು, ಮಗುವಿನ ಹಲ್ಲು ಮತ್ತು ಬೋರಿನ ನೀರು



ಸಿಂದಗಿ ಕಡೆಯ ಒಂದು ಹಳ್ಳಿಯ ಜಾನುವಾರು ಶಿಬಿರದಲ್ಲಿ ವಯಸ್ಸು ನೋಡಲೆಂದು ಒಂದು ಮಣಕದ ಬಾಯಿ ತೆರೆದೆ. ಹೊಸದಾಗಿ ಬಂದಿದ್ದ ಎರಡು ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿದ್ದವು. ಹಗ್ಗ ಹಿಡಿದು ನಿಂತಿದ್ದ ಶಾಲೆಯ ಹುಡುಗ ನಕ್ಕ. ಅವನ ಹಲ್ಲಿನ ಮೇಲೂ ಅವೇ ಗೆರೆಗಳು. “ಎಷ್ಟ್ ಹೇಳಿದ್ರೂ ಹಲ್ಲು ತಿಕ್ಕೂದಿಲ್ರೀ ಸಾಹೇಬ್ರ” ಎಂದು ತಾಯಿ ಗದರಿದರು. ತಪ್ಪು ಹುಡುಗನದಲ್ಲ. ಮಣಕವೂ ಅವನೂ ಒಂದೇ ಬೋರಿನ ನೀರು ಕುಡಿದು ಬೆಳೆದಿದ್ದರು.

ಇದು ಫ್ಲೋರೈಡ್‌ನ ಗುರುತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಕೆಲವು ಕೊಳವೆ ಬಾವಿಗಳಲ್ಲಿ ಕಲ್ಲಿನಿಂದ ಕರಗಿ ಬಂದ ಈ ಅಂಶ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ದೇಶದಲ್ಲಿ ಈ ತೊಂದರೆಯನ್ನು ಮೊದಲು ತೋರಿಸಿಕೊಟ್ಟವೂ ಎತ್ತುಗಳೇ. ನೆಲ್ಲೂರು ಜಿಲ್ಲೆಯ ರೈತರ ಎತ್ತುಗಳು ಕೀಲು ಬಿಗಿದು ನೇಗಿಲು ಎಳೆಯದಾದವು. ಅದೇ ರೋಗ ಮನುಷ್ಯರಲ್ಲೂ ಇದೆಯೆಂದು 1937ರಲ್ಲಿ ವರದಿಯಾಯಿತು.

ಹಲ್ಲಿನ ಮೇಲಿನ ಗಟ್ಟಿ ಹೊದಿಕೆಗೆ ಎನಾಮೆಲ್ ಎನ್ನುತ್ತಾರೆ. ಕಾಯಂ ಹಲ್ಲುಗಳ ಎನಾಮೆಲ್ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ದವಡೆಯೊಳಗೇ ತಯಾರಾಗುತ್ತದೆ. ಆಗ ಫ್ಲೋರೈಡ್ ಹೆಚ್ಚಾದರೆ ಅದು ಸಡಿಲವಾಗುತ್ತದೆ. ಸ್ವಲ್ಪವಾದರೆ ಸುಣ್ಣದಂಥ ಬಿಳಿ ಗೆರೆ, ಹೆಚ್ಚಾದರೆ ಕಂದು ಕಲೆ, ತೀರ ಹೆಚ್ಚಾದರೆ ಸಣ್ಣ ಸಣ್ಣ ಕುಳಿ. ಕಲೆ ಬಿದ್ದ ಹಲ್ಲೆಲ್ಲ ಹುಳುಕು ಹಲ್ಲಲ್ಲ. ಮಿತವಾದ ಫ್ಲೋರೈಡ್ ಹುಳುಕನ್ನು ತಡೆಯುತ್ತದೆ ಕೂಡ. ಆದರೆ ಕುಳಿ ಬಿದ್ದ ಹಲ್ಲಿನಲ್ಲಿ ಬೆಲ್ಲ, ಬಿಸ್ಕಿಟು, ಪೆಪ್ಪರಮಿಂಟು ಅಂಟಿ ಕುಳಿತು ಹುಳುಕು ಬೇಗ ಹಿಡಿಯುತ್ತದೆ. ಇಟ್ಟಂಗಿ ಪುಡಿ, ಬೂದಿ ಹಾಕಿ ತಿಕ್ಕಿದರೆ ಕಲೆ ಹೋಗದು, ಇದ್ದ ಎನಾಮೆಲ್ ಸವೆಯುತ್ತದೆ. ಅಣ್ಣನ ಹಲ್ಲಿನ ಕಲೆ ತಾನಾಗಿ ಮಾಯವಾಗದು. ಆದರೆ ತೊಟ್ಟಿಲಲ್ಲಿರುವ ತಂಗಿಯ ಹಲ್ಲನ್ನು ಉಳಿಸಬಹುದು.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ದಟ್ಟವಾಗುತ್ತದೆ. ಚಿಕ್ಕ ಮಕ್ಕಳಿಗೆ ಕುಡಿಯಲು, ಅಡುಗೆಗೆ ನದಿ ಮೂಲದ ನಳದ ನೀರು, ಮಳೆ ನೀರು ಅಥವಾ ಶುದ್ಧ ನೀರಿನ ಘಟಕದ ನೀರು ಬಳಸಿರಿ. ಬೋರಿನ ನೀರು ಸ್ನಾನಕ್ಕೆ, ಬಟ್ಟೆಗೆ ಇರಲಿ.

ಹಾಲು ಕೆಟ್ಟಿತೇ ಎಂದು ಹಲವರು ಕೇಳುತ್ತಾರೆ. ಇಲ್ಲ. ದನ ಕುಡಿದ ಫ್ಲೋರೈಡ್ ಎಲುಬಿಗೆ, ಮೂತ್ರಕ್ಕೆ ಹೋಗುತ್ತದೆ, ಹಾಲಿಗೆ ಇಳಿಯುವುದು ತೀರ ಅಲ್ಪ (ನಾವೇ ಬೋರಿನ ನೀರು ಬೆರೆಸದಿದ್ದರೆ!). ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದು ಅದು ಮೈಗೆ ಸೇರುವುದನ್ನು ಕಡಿಮೆ ಮಾಡುತ್ತದೆ. ಆದರೆ ನಾನು ನೋಡುವುದೇನು? ಕ್ಯಾನು ಪೂರ್ತಿ ಸಂಘಕ್ಕೆ, ಮಗುವಿಗೆ ಕರೀ ಚಹಾ. ಚಹಾಪುಡಿಯಲ್ಲೂ ಫ್ಲೋರೈಡ್ ಇದೆ. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಬಂತು ನಿಜ, ಆದರೆ ಎನಾಮೆಲ್ ತಯಾರಿಯ ಹೆಚ್ಚಿನ ಕಾಲ ಶಾಲೆಗೆ ಹೋಗುವ ಮುಂಚೆಯೇ ಮುಗಿದಿರುತ್ತದೆ. ಮನೆಯಲ್ಲೇ ಒಂದು ಲೋಟ ತೆಗೆದಿಟ್ಟು ಉಳಿದದ್ದನ್ನು ಸಂಘಕ್ಕೆ ಹಾಕಿರಿ. ಆರು ವರ್ಷದೊಳಗಿನವರಿಗೆ ಬಟಾಣಿ ಕಾಳಿನಷ್ಟೇ ಪೇಸ್ಟು, ಅದನ್ನೂ ನುಂಗಗೊಡಬೇಡಿ.

ನಿಮ್ಮ ಬೋರಿನ ನೀರು ಪರೀಕ್ಷೆಯಾಗದಿದ್ದರೆ ಗ್ರಾಮ ಪಂಚಾಯತಿಯಲ್ಲಿ ಕೇಳಿರಿ. ಪಕ್ಕದ ಹೊಲದ ಬೋರು ಚೆನ್ನಾಗಿದೆಯೆಂದು ನಿಮ್ಮದೂ ಚೆನ್ನಾಗಿರಬೇಕೆಂದಿಲ್ಲ. ಮಾದರಿಯನ್ನು ಗಾಜಿನ ಸೀಸೆಯಲ್ಲಿ ಒಯ್ಯದೆ, ಅದೇ ನೀರಿನಿಂದ ಎರಡು ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಿರಿ.