ಸಾವಿರ ಮೆಟ್ಟಿಲಿನ ಬೆಟ್ಟ

ಮೈಸೂರಿನ ಅಂಚಿನಲ್ಲೇ ಇರುವ ಚಾಮುಂಡಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್. ಮೈಸೂರೇ 770 ಮೀಟರ್ ಎತ್ತರದಲ್ಲಿರುವುದರಿಂದ ಹತ್ತುವವರ ಪಾಲಿಗೆ ಉಳಿಯುವುದು 300 ಮೀಟರಿಗೂ ಕಡಿಮೆ. ಮಲೆನಾಡಿನವರು ಇದನ್ನು ಗುಡ್ಡ ಎಂದಾರು. ಆದರೆ ಬಯಲಿನಲ್ಲಿ ಒಂಟಿಯಾಗಿ ಎದ್ದಿರುವುದರಿಂದ ಬಹು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಇದು ಗ್ರಾನೈಟ್ ಬೆಟ್ಟ. ಕೋಟ್ಯಂತರ ವರ್ಷಗಳ ಹಿಂದೆ ಶಿಲಾಪಾಕ ನೆಲದಾಳದಲ್ಲಿ ಹೆಪ್ಪುಗಟ್ಟಿ ಕಲ್ಲಾಯಿತು. ಮೇಲಿನ ಪದರಗಳು ಸವೆದುಹೋದ ಮೇಲೆ ಈ ಗಟ್ಟಿ ಕಲ್ಲು ಉಳಿದುಕೊಂಡಿತು.

ಮೇಲಕ್ಕೆ ಡಾಂಬರು ರಸ್ತೆಯಿದೆ. ಆದರೂ ಬೆಟ್ಟದ ಪರಿಚಯವಾಗುವುದು ಮೆಟ್ಟಿಲ ದಾರಿಯಲ್ಲಿ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಈ ಮೆಟ್ಟಿಲುಗಳು ವಾಡಿಕೆಯ ಮಾತಿನಲ್ಲಿ ಸಾವಿರ. ಎಣಿಸುತ್ತ ಹತ್ತಿದ ಇಬ್ಬರ ಲೆಕ್ಕ ತಾಳೆಯಾಗುವುದು ಅಪರೂಪ. ಬೆಟ್ಟದ ಪಾದದಿಂದ ಹೊರಟವರಿಗೆ ಮೊದಲ ಭಾಗವೇ ಕಡಿದು. ಮೆಟ್ಟಿಲುಗಳ ಎತ್ತರವೂ ಒಂದೇ ಸಮನಿಲ್ಲ, ಹಾಗಾಗಿ ಉಸಿರು ಬೇಗ ಮೇಲಕ್ಕೇರುತ್ತದೆ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ, ಬಾಗಿ ಏಳುತ್ತಲೇ ಹತ್ತುವುದನ್ನು ನೋಡಿದರೆ ಆಯಾಸದ ಮಾತೆತ್ತಲು ಸಂಕೋಚವಾಗುತ್ತದೆ.

ಸುಮಾರು 700ನೇ ಮೆಟ್ಟಿಲಿನ ಹತ್ತಿರ ದೊಡ್ಡ ನಂದಿ ಸಿಗುತ್ತದೆ. ಇದೂ ದೊಡ್ಡದೇವರಾಜ ಒಡೆಯರ ಕಾಲದ್ದೇ. ಎತ್ತರ ಸುಮಾರು 16 ಅಡಿ, ಉದ್ದ ಸುಮಾರು 25 ಅಡಿ. ಬಂಡೆಯೊಂದನ್ನೇ ಕಡೆದು ಮಾಡಿದ ಏಕಶಿಲಾ ವಿಗ್ರಹ; ಕೊರಳ ಗಂಟೆ, ಸರಗಳ ಕೆತ್ತನೆಯನ್ನು ಸುತ್ತು ಬಂದು ನಿಧಾನವಾಗಿ ನೋಡಬೇಕು. ಇಲ್ಲಿಂದ ಮುಂದಿನ ಏರು ಅಷ್ಟು ಕಷ್ಟದ್ದಲ್ಲ.

ಮೇಲೆ ಚಾಮುಂಡೇಶ್ವರಿ ಗುಡಿಯ ಗೋಪುರವನ್ನು 1827ರಲ್ಲಿ ಎತ್ತಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಪಕ್ಕದ ಮಹಾಬಲೇಶ್ವರ ಗುಡಿ ಇದಕ್ಕಿಂತ ಹಳೆಯದು. ಬೆಟ್ಟವನ್ನು ಹಿಂದೆ ಮಹಾಬಲಾದ್ರಿ ಎಂದೇ ಕರೆಯುತ್ತಿದ್ದರು. ದೇವಿಯ ದರ್ಶನ ಮುಗಿಸಿ, ಬಣ್ಣದ ಮಹಿಷಾಸುರನ ಎದುರು ಫೋಟೋ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಆ ಗುಡಿಗೆ ಕಾಲಿಡದೆ ಹೊರಡುತ್ತಾರೆ. ಅದು ನಷ್ಟವೇ.

ಹತ್ತಲು ಬೆಳಗಿನ ತಂಪು ಹೊತ್ತು ಒಳ್ಳೆಯದು. ಆದರೆ ಇದು ಚಿರತೆಗಳಿರುವ ಕಾಡು, ನಸುಗತ್ತಲಲ್ಲಿ ಒಬ್ಬರೇ ಹೋಗಬಾರದು. ಕೈಯಲ್ಲಿ ತಿಂಡಿಯ ಪೊಟ್ಟಣ ಕಂಡರೆ ಕೋತಿಗಳು ಬಿಡುವುದಿಲ್ಲ. ಆಷಾಢ ಶುಕ್ರವಾರಗಳಂದು ಮೆಟ್ಟಿಲ ಮೇಲೂ ಜನಜಂಗುಳಿ; ನಡಿಗೆಯ ಸುಖಕ್ಕೆ ಬರುವವರು ಆ ದಿನಗಳನ್ನು ಬಿಡುವುದು ಲೇಸು. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಭಾರ. ನೋವಿರುವವರು ಮೇಲಿನಿಂದ ಸಿಟಿ ಬಸ್ಸು ಹಿಡಿದು ಊರು ಸೇರಬಹುದು.