ಬೂಟಿನ ಶತ್ರು ಮಳೆಯಲ್ಲ, ಒಲೆ

ಮಳೆಯಲ್ಲಿ ಕೊಡಚಾದ್ರಿಯನ್ನೋ ಕುದುರೆಮುಖವನ್ನೋ ಹತ್ತಿಳಿದು ಬಂದವರು ನೆನೆದ ಚರ್ಮದ ಬೂಟನ್ನು ಬಚ್ಚಲ ಒಲೆಯ ಪಕ್ಕ ಇಟ್ಟು ಮಲಗುವುದುಂಟು. ಬೆಳಗಾಗುವಷ್ಟರಲ್ಲಿ ಬೂಟು ಒಣಗಿರುತ್ತದೆ, ಜೊತೆಗೆ ಸೆಟೆದುಕೊಂಡೂ ಇರುತ್ತದೆ. ನಾಲ್ಕಾರು ಸಲ ಹೀಗಾದರೆ ಬೆರಳು ಮಡಿಚುವ ಜಾಗದಲ್ಲಿ ಬಿರುಕು ಬಿಡುತ್ತದೆ. ಆಗ ನಾವು ಮಳೆಯನ್ನು ಬೈಯುತ್ತೇವೆ.

ಚರ್ಮದ ಬಹುಭಾಗ ಕೊಲ್ಯಾಜನ್ ಎಂಬ ಪ್ರೋಟೀನು. ಮೂರು ಅಣುಸರಪಳಿಗಳು ಹುರಿಗೊಂಡು ಅದರ ಒಂದು ಎಳೆಯಾಗುತ್ತದೆ. ಈ ಮೂರು ಸರಪಳಿಗಳ ರಚನೆಯನ್ನು 1954ರಲ್ಲಿ ಮದರಾಸಿನಿಂದ ಜಗತ್ತಿಗೆ ತಿಳಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಮಟ್ಟದ ಜೀವಭೌತ ವಿಜ್ಞಾನಕ್ಕೆಂದೇ ಒಂದು ವಿಭಾಗ ಕಟ್ಟಿದರು. ಕೊಲ್ಯಾಜನ್ ಎಳೆಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಒಣಗಿದಂತೆ ಕಾಣುವ ಒಳ್ಳೆಯ ಚರ್ಮದ ತೂಕದಲ್ಲೂ ಶೇಕಡಾ 12ರಿಂದ 15ರಷ್ಟು ನೀರಿರುತ್ತದೆ. ಚರ್ಮ ಮೆತ್ತಗೆ ಬಾಗುವುದಕ್ಕೆ ಈ ತೇವವೂ, ಹದ ಮಾಡುವಾಗ ಎಳೆಗಳ ನಡುವೆ ಸೇರಿಸಿದ ಎಣ್ಣೆಯೂ ಕಾರಣ.

ಹಸಿ ತೊಗಲನ್ನು ನೀರಿನಲ್ಲಿ ಕಾಯಿಸಿದರೆ 60–65 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಅದರ ಎಳೆಗಳು ಬಿಚ್ಚಿ ಮುದುಡುತ್ತವೆ. ದಕ್ಷಿಣ ಭಾರತದಲ್ಲಿ ಹಿಂದಿನಿಂದ ತೊಗಲು ಹದ ಮಾಡಲು ಬಳಸುತ್ತಿದ್ದ ತಂಗಡಿ ತೊಗಟೆಯ ರಸ ಈ ಮಿತಿಯನ್ನು ಮೇಲೇರಿಸುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ಕುದಿನೀರಿಗೂ ಜಗ್ಗದಿರಬಲ್ಲದು. ಆದರೂ ಒಲೆಯ ಬಿಸಿ ಬೂಟನ್ನು ಕೆಡಿಸುತ್ತದೆ, ಏಕೆಂದರೆ ಎಳೆಗಳೊಳಗೆ ಉಳಿಯಬೇಕಾದ ತೇವವೂ ಆವಿಯಾಗಿ ಹೋಗುತ್ತದೆ. ಆಗ ಎಳೆಗಳು ಒಂದಕ್ಕೊಂದು ಅಂಟಿ ಗಡುಸಾಗುತ್ತವೆ, ಮಡಿಚಿದಲ್ಲಿ ಮುರಿಯುತ್ತವೆ. ಅಟ್ಟೆ ಹಿಡಿದಿರುವ ಅಂಟೂ ಸಡಿಲಾಗುತ್ತದೆ.

ಹಾಗಾದರೆ ನೀರು ಒಳಗೆ ಬರದಂತೆ ಬೂಟಿಗೆ ಪೂರ್ತಿ ಮುಚ್ಚಿಗೆ ಹಾಕಿಬಿಡಬಹುದಲ್ಲ? ಅದೂ ಸರಿಯಲ್ಲ. ದೇಹದಲ್ಲಿ ಬೆವರಿನ ಗ್ರಂಥಿಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಅಂಗಾಲೂ ಒಂದು. ರಬ್ಬರಿನ ಗಂಬೂಟು ಮಳೆನೀರನ್ನು ತಡೆಯುತ್ತದೆ ನಿಜ, ಬೆವರನ್ನೂ ಒಳಗೇ ಕೂಡಿಹಾಕುತ್ತದೆ. ಚರ್ಮದ ಎಳೆಗಳ ನಡುವಿನ ಸಂದಿಗಳಲ್ಲಿ ಆವಿ ಹೊರಹೋಗಬಲ್ಲದು. ಸಂದಿ ತೆರೆದೇ ಇರಬೇಕು, ಎಳೆ ಮಾತ್ರ ನೀರನ್ನು ಹೀರಬಾರದು.

ಮೇಣ ಮಾಡುವುದು ಈ ಕೆಲಸವನ್ನೇ. ಎಳೆಗಳ ಮೇಲೆ ಮೇಣದ ತೆಳು ಲೇಪವಿದ್ದರೆ ನೀರು ಹರಡಿಕೊಳ್ಳದೆ, ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತು ಉರುಳುತ್ತದೆ. ಲೇಪ ಸವೆದಲ್ಲಿ ಎಳೆಗಳ ಸಂದಿಯೇ ನೀರನ್ನು ಒಳಕ್ಕೆ ಎಳೆಯುತ್ತದೆ. ಬೂಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹನಿ ಇಂಗಿ ಚರ್ಮ ಕಪ್ಪಾದರೆ ಮತ್ತೆ ಮೇಣ ಹಚ್ಚುವ ಹೊತ್ತು ಬಂದಿದೆ ಎಂದರ್ಥ.

ಮೊದಲು ಕೆಸರನ್ನು ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಸರು ಒಣಗುವಾಗ ಚರ್ಮದ ತೇವವನ್ನೂ ಹೀರುತ್ತದೆ. ಇಂಬಳಕ್ಕೆಂದು ಉಪ್ಪು ಸವರಿದ್ದರೆ ಅದನ್ನೂ ತೊಳೆಯಿರಿ, ಇಲ್ಲವಾದರೆ ಬಿಳಿ ಕಲೆ ಕಟ್ಟುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೆಯ ಪತ್ರಿಕೆ ತುರುಕಿ, ಫ್ಯಾನಿನ ಗಾಳಿಗೆ ನೆರಳಿನಲ್ಲಿಡಿ. ಪತ್ರಿಕೆ ಒದ್ದೆಯಾದಂತೆ ಬದಲಿಸಿ. ಪೂರ್ತಿ ಒಣಗಲು ಒಂದೆರಡು ದಿನ ಬೇಕಾಗಬಹುದು. ಆಮೇಲೆ ಜೇನುಮೇಣ ಬೆರೆತ ಬೂಟಿನ ಮೇಣವನ್ನು ತೆಳ್ಳಗೆ ಹಚ್ಚಿ. ಹೊಲಿಗೆಗಳಿಗೂ ಬೆರಳು ಮಡಿಚುವ ಜಾಗಕ್ಕೂ ಇನ್ನೊಂದು ಸುತ್ತು ಬೇಕು, ನೀರು ಮೊದಲು ನುಗ್ಗುವುದು ಅಲ್ಲೇ.

ಎಣ್ಣೆ ಸುರಿದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ಎಣ್ಣೆ ಹೆಚ್ಚಾದ ಚರ್ಮ ಜೋಲುತ್ತದೆ, ಕಣಕಾಲಿಗೆ ಆಸರೆ ತಪ್ಪುತ್ತದೆ, ಆವಿಯ ದಾರಿಯೂ ಕಟ್ಟುತ್ತದೆ. ಒಳಗೆ ಗೋರ್‌ಟೆಕ್ಸ್‌ನಂಥ ಪೊರೆಯಿರುವ ಬೂಟಿಗೆ ಜಿಡ್ಡು ಮೆತ್ತಿದರೆ ಆ ಪೊರೆಗೆ ಕೊಟ್ಟ ದುಡ್ಡು ದಂಡ. ನವಿರು ರೋಮದಂಥ ಮೈಯ ಸ್ವೇಡ್ ಚರ್ಮಕ್ಕೆ ಮೇಣ ಬೇಡ, ಅದಕ್ಕೆಂದೇ ಸಿಗುವ ಸ್ಪ್ರೇ ಸಾಕು.

ಮಳೆಗಾಲ ಮುಗಿಯಿತೆಂದು ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ಕಟ್ಟಿಟ್ಟ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಪಾಲಿಯುರೆಥೇನ್ ಅಟ್ಟೆಯಾದರೆ ಗಾಳಿಯ ತೇವಕ್ಕೆ ಅದರ ಅಣುಬಂಧಗಳೇ ಕಡಿದು, ಬಳಸದೆ ಇಟ್ಟರೂ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ಹೀಗಾಗಿ ದೊಡ್ಡ ಚಾರಣಕ್ಕೆ ಹೊರಡುವ ವಾರ ಮೊದಲೇ ಹಳೆಯ ಬೂಟನ್ನು ಹೊರತೆಗೆದು, ಮೆಟ್ಟಿ, ನಾಲ್ಕು ಹೆಜ್ಜೆ ನಡೆದು ನೋಡಿ.