ಘಟಪ್ರಭೆಯ ದಡಕ್ಕೆ ಬಂದ ಸೇವಾದಳ

ಗೋಕಾಕ ಸೀಮೆಯಲ್ಲಿ ‘ಹೊಳಿ ಬಂತು’ ಎಂದರೆ ಸಾಕು, ಮುಂದಿನ ಮಾತು ಯಾರಿಗೂ ಬೇಕಾಗುವುದಿಲ್ಲ. ದನ ಬಿಚ್ಚಬೇಕು, ಜೋಳದ ಚೀಲ ಎತ್ತಬೇಕು, ಮುದುಕರನ್ನು ಹೊತ್ತುಕೊಂಡು ಶಾಲೆಯ ಕಟ್ಟಡ ಸೇರಬೇಕು. 2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯಗಳೂ ಕೂಡಿಕೊಂಡವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಓಣಿಗಳಿಗೆ ನೀರು ಹೊಕ್ಕಿತು. ಇಂಥ ಹೊತ್ತಿನಲ್ಲಿ ನಾವೀಗ ಎನ್‌ಡಿಆರ್‌ಎಫ್ ದೋಣಿಯ ದಾರಿ ಕಾಯುತ್ತೇವೆ. ಆ ಪಡೆ ಹುಟ್ಟಿದ್ದು 2006ರಲ್ಲಿ. ಅದಕ್ಕೂ ಮೊದಲು ಜನರ ಕಷ್ಟಕ್ಕೆ ತರಬೇತಾದ ಕೈಗಳು ಎಲ್ಲಿಂದ ಬರುತ್ತಿದ್ದವು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಹುಬ್ಬಳ್ಳಿಗೆ ಹೋಗಿ, ತಿರುಗಿ ಘಟಪ್ರಭಾಕ್ಕೇ ಬರಬೇಕಾಗುತ್ತದೆ.

ಜಗತ್ತಿನ ಮಟ್ಟಿಗೆ ಈ ಕತೆ ಶುರುವಾಗುವುದು ಇಟಲಿಯ ಸೊಲ್ಫೆರಿನೊ ರಣರಂಗದಿಂದ. 1859ರಲ್ಲಿ ಅಲ್ಲಿ ಗಾಯಾಳುಗಳು ನೀರಿಲ್ಲದೆ ನರಳುವುದನ್ನು ಕಂಡ ಹೆನ್ರಿ ಡ್ಯೂನಾಂಟ್ ಹಚ್ಚಿದ ಕಿಡಿಯಿಂದ 1863ರಲ್ಲಿ ರೆಡ್‌ಕ್ರಾಸ್ ಮೂಡಿತು. ಭಾರತದಲ್ಲಿ ಅದರ ಶಾಖೆಗೆ 1920ರಲ್ಲಿ ಕಾಯ್ದೆಯ ಬೆಂಬಲ ಸಿಕ್ಕಿತು. ಅದು ಸರ್ಕಾರದ ನೆರಳಲ್ಲಿ ಬೆಳೆದ ಸಂಸ್ಥೆ. ಸರ್ಕಾರವನ್ನೇ ಎದುರು ಹಾಕಿಕೊಂಡವರು ಕಟ್ಟಿದ ಸೇವೆಯ ಪಡೆಯ ಕತೆ ಬೇರೆ.

ಅದನ್ನು ಕಟ್ಟಿದವರು ಡಾ. ನಾ.ಸು. ಹರ್ಡೀಕರ. ಹುಟ್ಟಿದ್ದು 1889ರಲ್ಲಿ, ಧಾರವಾಡದಲ್ಲಿ. ಕಲ್ಕತ್ತೆಯಲ್ಲಿ ವೈದ್ಯಶಾಸ್ತ್ರ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. ಅಮೆರಿಕದಲ್ಲಿದ್ದಾಗ ಲಾಲಾ ಲಜಪತ್ ರಾಯ್ ಜೊತೆ ಕೆಲಸ ಮಾಡಿ 1921ರಲ್ಲಿ ಊರಿಗೆ ಮರಳಿದರು. ದವಾಖಾನೆ ತೆರೆದು ಸುಖವಾಗಿರಬಹುದಿತ್ತು. ಹುಬ್ಬಳ್ಳಿಯ ತರುಣರನ್ನು ಕೂಡಿಸಿ ಕವಾಯತು ಕಲಿಸಲು ನಿಂತರು.

1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಆ ಕವಾಯತಿನ ಬೆಲೆ ಗೊತ್ತಾಯಿತು. ಜೈಲಿನ ಕಷ್ಟ ತಾಳದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಆ ವರ್ಷದ ಕೊನೆಗೆ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಇಂಥದೇ ತಂಡ ದೇಶಕ್ಕೆಲ್ಲ ಬೇಕೆಂಬ ಮಾತು ಬಂದು, ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷ ಜವಾಹರಲಾಲ್ ನೆಹರೂ; ಮೈಮುರಿದು ದುಡಿದವರು ಹರ್ಡೀಕರ. ಹಿರಿಯ ನಾಯಕರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಸಾಲಾಗಿ ನಿಲ್ಲುವುದು, ಹೆಜ್ಜೆ ಹಾಕುವುದು, ಹುಕುಂ ಪಾಲಿಸುವುದು ಅವರ ಕಣ್ಣಿಗೆ ಫೌಜಿನ ಹಾಗೆ ಕಂಡಿತು. ಅಹಿಂಸೆಯ ಚಳವಳಿಗೆ ಫೌಜು ಏಕೆ ಎಂಬ ಅವರ ಅಳುಕು ಸುಳ್ಳಲ್ಲ. ಆದರೆ ಸಾವಿರ ಜನಕ್ಕೆ ಒಂದೇ ಹೊತ್ತಿಗೆ ಅನ್ನ ಹಾಕಬೇಕಾದ ಕಡೆ ಸಾಲು ನಿಲ್ಲಿಸಲು ಬಾರದವರ ಕರುಣೆ ಗದ್ದಲಕ್ಕೆ ಕಾರಣವಾಗುತ್ತದೆ ಎಂಬುದನ್ನು ಮಹಾಪೂರ ಕಂಡ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮರುವರ್ಷವೇ ಪರೀಕ್ಷೆ ಬಂತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಅಧಿವೇಶನ. ಅದಕ್ಕಾಗಿ ಹರ್ಡೀಕರ ಮತ್ತು ಉಮಾಬಾಯಿ ಕುಂದಾಪುರ ಊರೂರು ತಿರುಗಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವೆಗೆ ಹೊರಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಆ ಕಾಲದಲ್ಲಿ ವಿಧವೆಯನ್ನು ಮನೆಯ ಹೊಸ್ತಿಲು ದಾಟಿಸಿ, ನಾಲ್ಕು ಜನರ ಎದುರು ಕೆಲಸಕ್ಕೆ ನಿಲ್ಲಿಸುವುದು ಸಣ್ಣ ಮಾತಾಗಿರಲಿಲ್ಲ.

ಉಮಾಬಾಯಿಯವರೂ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಸೊಸೆಯ ಬೆನ್ನಿಗೆ ನಿಂತವರು ಮಾವ ಆನಂದರಾವ್. ಹುಬ್ಬಳ್ಳಿಯಲ್ಲಿ ಭಗಿನಿ ಮಂಡಲ, ತಿಲಕ ಕನ್ಯಾ ಶಾಲೆ ನಡೆಸುತ್ತ ಉಮಾಬಾಯಿ ಸೇವಾದಳದ ಮಹಿಳಾ ವಿಭಾಗಕ್ಕೆ ದುಡಿದರು. 1932ರಲ್ಲಿ ಸೇವಾದಳಕ್ಕೆ ನಿಷೇಧ ಬಿತ್ತು. ಉಮಾಬಾಯಿ ಯರವಡಾ ಜೈಲಿಗೆ ಹೋದರು. ಅವರು ಒಳಗಿದ್ದಾಗಲೇ ಮಾವ ತೀರಿಕೊಂಡರು. ಬಿಡುಗಡೆಯಾಗಿ ಬಂದಾಗ ಮಾವನ ಮುದ್ರಣಾಲಯ ಸರ್ಕಾರದ ವಶವಾಗಿತ್ತು, ಶಾಲೆಗೆ ಮೊಹರು ಬಿದ್ದಿತ್ತು. ಜೈಲಿನಿಂದ ಬಿಟ್ಟರೂ ಹೋಗಲು ಮನೆಯಿಲ್ಲದ ಹೆಂಗಸರು ಅವರ ಮನೆಗೇ ಬಂದರು. ಉಮಾಬಾಯಿ ಅವರಿಗೆ ಜಾಗ ಮಾಡಿಕೊಟ್ಟರು.

1934ರ ಜನವರಿ 15ರ ಮಧ್ಯಾಹ್ನ ಬಿಹಾರ ನಡುಗಿತು. ಮುಂಗೇರ್, ಮುಜಫರ್‌ಪುರ ನೆಲಸಮವಾದವು, ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದು ಗಾಂಧೀಜಿ ಹೇಳಿದರೆ, ಭೂಕಂಪಕ್ಕೂ ಪಾಪಕ್ಕೂ ಗಂಟು ಹಾಕಬೇಡಿ ಎಂದು ಟ್ಯಾಗೋರ್ ತಕರಾರು ತೆಗೆದರು. ನನ್ನ ಮತ ಟ್ಯಾಗೋರರಿಗೆ. ಈ ವಾದ ಪತ್ರಿಕೆಗಳಲ್ಲಿ ನಡೆದಿರುವಾಗ, ತನ್ನದೇ ಶಾಲೆ ಕಳೆದುಕೊಂಡಿದ್ದ ಉಮಾಬಾಯಿ ಸ್ವಯಂಸೇವಕರನ್ನು ಕರೆದುಕೊಂಡು ಬಿಹಾರಕ್ಕೆ ಹೋಗಿ, ನಿರಾಶ್ರಿತರ ಶಿಬಿರಗಳಲ್ಲಿ ಹಗಲು ರಾತ್ರಿ ದುಡಿದರು. ರಾಜೇಂದ್ರ ಪ್ರಸಾದ್, ಆಚಾರ್ಯ ಕೃಪಲಾನಿ ಅವರಿಗೆ ಪರಿಚಯವಾದದ್ದು ಅಲ್ಲೇ. ಸೇವಾದಳವೆಂದರೆ ಇವತ್ತು ನಮಗೆ ನೆನಪಾಗುವುದು ಬಿಳಿ ಟೋಪಿ ಮತ್ತು ಧ್ವಜವಂದನೆ. ಬಿಹಾರದ ಶಿಬಿರಗಳು ಮೊದಲು ನೆನಪಾಗಬೇಕಿತ್ತು.

ಇನ್ನು ಘಟಪ್ರಭಾ. ಮಲ್ಲಾಪುರ ಪಿ.ಜಿ. ಊರಿನಲ್ಲಿ, ರೈಲು ನಿಲ್ದಾಣ ಹತ್ತಿರವಿರುವ, ಧೂಪದಾಳದ ನೀರಿನ ತಂಪು ತಾಗುವ ಜಾಗದಲ್ಲಿ, 1929ರಲ್ಲಿ ಕರ್ನಾಟಕ ಆರೋಗ್ಯಧಾಮ ಶುರುವಾಯಿತು. ಡಾ. ಕೊಕಟನೂರ, ಡಾ. ವೈದ್ಯ ಅವರೊಂದಿಗೆ ಹರ್ಡೀಕರರೂ ಅದರ ಸ್ಥಾಪಕರು. ನೆರೆ, ಭೂಕಂಪ ಯಾವತ್ತೋ ಒಮ್ಮೆ ಬರುವ ಆಪತ್ತು. ಹಳ್ಳಿಯವನಿಗೆ ರೋಗ ದಿನನಿತ್ಯದ ಆಪತ್ತು. ಸಾರ್ವಜನಿಕ ಆರೋಗ್ಯ ಓದಿ ಬಂದ ಮನುಷ್ಯನಿಗೆ ಇವೆರಡೂ ಒಂದೇ ಕೆಲಸದ ಎರಡು ಪಾಳಿಯಂತೆ ಕಂಡಿರಬೇಕು. ಸ್ವಾತಂತ್ರ್ಯದ ನಂತರ ಅವರು 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು, 1958ರಲ್ಲಿ ಪದ್ಮಭೂಷಣ ಬಂತು. 1975ರ ಆಗಸ್ಟ್ 26ರಂದು ಅವರು ಕೊನೆಯುಸಿರೆಳೆದದ್ದು ಘಟಪ್ರಭಾದಲ್ಲೇ. 1989ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿ ಬಂತು. ಉಮಾಬಾಯಿ ಪ್ರಶಸ್ತಿ, ಪದವಿ ಎಲ್ಲವನ್ನೂ ಬೇಡವೆಂದು, ನೂರರ ಅಂಚಿನಲ್ಲಿ, 1992ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು.

ದಳದ ಠರಾವು, ಅಧ್ಯಕ್ಷರ ಹೆಸರು ಪುಸ್ತಕಗಳಲ್ಲಿವೆ. ಯಾವ ಊರಿನವರು ಯಾವ ಹೊಳೆಗೆ ಇಳಿದರು, ಯಾರ ಮನೆಯ ಹಿಟ್ಟಿನಿಂದ ಎಷ್ಟು ರೊಟ್ಟಿ ಬಡಿದು ಕೊಟ್ಟರು ಎಂಬುದು ಹಿರಿಯರ ಬಾಯಲ್ಲಷ್ಟೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಓದುಗರೇ, ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಅಮ್ಮ ಇದ್ದರೆ ಈ ವಾರವೇ ಅವರ ಪಕ್ಕ ಕೂತು, ಕೇಳಿ, ಬರೆದಿಡಿ.